ಮರಳಿ ಬರುವ ಸಾಲು: ಕಲಬುರಗಿ ಸೀಮೆಯಲ್ಲಿ ಪ್ರೇಮಕವಿತೆಗೆ ಒಂದು ಹಾದಿ

ಪ್ರೇಮಕವಿತೆ ಓದಬೇಕು, ಎಲ್ಲಿಂದ ಶುರು ಮಾಡಲಿ ಎಂದು ಯಾರಾದರೂ ಕೇಳಿದರೆ ಕಲಬುರಗಿಯಲ್ಲೂ ಮೊದಲು ಬರುವ ಉತ್ತರ ‘ಮೈಸೂರ ಮಲ್ಲಿಗೆ’. 1942ರಲ್ಲಿ ಬಂದ ಆ ಸಂಕಲನ ಇಂದಿಗೂ ಬಾಡಿಲ್ಲ, ಓದಲೇಬೇಕು. ಆದರೆ ಕಪ್ಪು ಮಣ್ಣಿನ, ಬಿಸಿಲಿನ, ಶಹಾಬಾದ್ ಕಲ್ಲು ಹಾಸಿದ ಅಂಗಳಗಳ ಈ ಸೀಮೆಯವರು ಪ್ರೇಮಕಾವ್ಯ ಹುಡುಕಿಕೊಂಡು ಅಷ್ಟು ದೂರ ಹೋಗಿ, ತಮ್ಮ ಓಣಿಯಲ್ಲೇ ಇರುವುದನ್ನು ದಾಟಿಕೊಂಡು ಹೋಗುತ್ತಾರೆ ಎಂಬುದು ನನ್ನ ತಕರಾರು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಪ್ರೇಮದ ಮಾತು ಪ್ರಾಕೃತ, ಸಂಸ್ಕೃತ, ಕನ್ನಡ, ಈ ಕಡೆಯ ಹಳೆಯ ಉರ್ದುವಾದ ದಖನಿ, ಫಾರಸಿಗಳಲ್ಲಿ ಒಂದರ ಮೇಲೊಂದು ಪದರವಾಗಿ ಕೂತಿದೆ. ಇವೆಲ್ಲವನ್ನೂ ಒಟ್ಟಿಗೆ ಹಿಡಿಯಲು ಒಂದೇ ಗುಟ್ಟು ಸಾಕು: ಕವಿತೆಯಲ್ಲಿ ಯಾವ ಮಾತು ಮರಳಿ ಮರಳಿ ಬರುತ್ತದೆ ಎಂದು ಗಮನಿಸುವುದು. ಹೋದವರು ಬರಲಿಲ್ಲ, ಅವರ ಹೆಸರಿನ ಸಾಲು ಮಾತ್ರ ಬರುತ್ತಲೇ ಇದೆ. ಇಲ್ಲಿನ ಪ್ರೇಮಕವಿತೆಯ ಸುಖ ಬಹುಪಾಲು ಈ ಕಾಯುವಿಕೆಯಲ್ಲಿದೆ.

ಮುಂದಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಬೇಕೆಂದೇನೂ ಇಲ್ಲ. ಮೊದಲ ಹಂತವನ್ನು ಮಾತ್ರ ಬಿಡಬೇಡಿ.

ಮೊದಲು ಕಿವಿ, ಆಮೇಲೆ ಪುಸ್ತಕ

ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದರೆ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇದೇ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರೂಪುಗೊಂಡ ‘ಕವಿರಾಜಮಾರ್ಗ’ ಕನ್ನಡಿಗರನ್ನು ‘ಕುರಿತೋದದೆಯುಂ ಕಾವ್ಯಪ್ರಯೋಗಪರಿಣತಮತಿಗಳ್’ ಎಂದು ಕರೆಯಿತು. ಕೂತು ಓದದೆಯೂ ಕಾವ್ಯ ಬಳಸಬಲ್ಲವರು ಎಂಬ ಈ ಮಾತನ್ನು ಭಾಷಣಗಳಲ್ಲಿ ಕೇಳಿ ಕೇಳಿ ಸವೆಸಿದ್ದೇವೆ. ಅದನ್ನು ಹೊಗಳಿಕೆ ಎಂದು ಇಟ್ಟುಕೊಳ್ಳುವ ಬದಲು ಒಂದು ವಿಳಾಸ ಎಂದು ತಿಳಿದು ನೋಡಿ. ಅದು ನಿಮ್ಮನ್ನು ಓದು ಬಾರದ ಹಿರಿಯ ಹೆಂಗಸರ ಬಳಿಗೆ ಕಳಿಸುತ್ತದೆ.

ನಿಮ್ಮ ಮನೆಯಲ್ಲಿ ಅಥವಾ ಊರಲ್ಲಿ ಬೀಸುವ ಕಲ್ಲಿನ ಮುಂದೆ ಕೂತು ಬೆಳೆದ ಆಯಿ ಒಬ್ಬರಾದರೂ ಇದ್ದಾರು. ಅವರ ಬಳಿ ಹೋಗಿ. ‘ಪ್ರೇಮಗೀತೆ ಹಾಡಿ’ ಎಂದು ಮಾತ್ರ ಕೇಳಬೇಡಿ. ನಕ್ಕು ಕಳಿಸುತ್ತಾರೆ, ಇಲ್ಲವೇ ದೇವರ ಹಾಡೊಂದನ್ನು ಹಾಡಿ ಮುಗಿಸುತ್ತಾರೆ. ‘ಆಯಿ, ಜೋಳ ಬೀಸುವಾಗ ಏನು ಹಾಡುತ್ತಿದ್ದಿರಿ?’ ಎಂದು ಕೇಳಿ. ಕೈಗೆ ಕೆಲಸವಿಲ್ಲದಿದ್ದರೆ ಅನೇಕರಿಗೆ ಹಾಡು ನೆನಪಿಗೆ ಬರುವುದಿಲ್ಲ. ಆದ್ದರಿಂದ ಅವರು ಕಾಳು ಆರಿಸುತ್ತಿರುವಾಗ, ಬತ್ತಿ ಹೊಸೆಯುತ್ತಿರುವಾಗ ಹೋಗುವುದು ಜಾಣತನ. ಮೂಲೆಯಲ್ಲಿ ಕಲ್ಲು ಇನ್ನೂ ಉಳಿದಿದ್ದರೆ ಒಂದು ಹಿಡಿ ಜೋಳ ಹಾಕಿ ತಿರುವಲು ಕೂರಿಸಿ, ಎದುರಿನಿಂದ ಗೂಟಕ್ಕೆ ನೀವೂ ಕೈ ಹಚ್ಚಿ. ಮೊಬೈಲಿನಲ್ಲಿ ಧ್ವನಿ ಹಿಡಿಯುವುದಾದರೆ ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ. ಗಂಡನ ಮೇಲಿನ ಹಾಡನ್ನು ಸೊಸೆಯಂದಿರ ಮುಂದೆ ಹಾಡಲು ಸಂಕೋಚಪಡುವವರಿದ್ದಾರೆ, ಒತ್ತಾಯ ಬೇಡ.

ಕೇಳುವುದು ಹೇಗೆ? ಈ ಹಾಡುಗಳಲ್ಲಿ ಹೆಚ್ಚಿನವು ತ್ರಿಪದಿ. ಬರಹದಲ್ಲಿ ಮೂರೇ ಸಾಲು. ಹಾಡುವಾಗ ನಡುವಿನ ಸಾಲಿನ ಒಂದು ತುಣುಕು ಮತ್ತೆ ಬರುತ್ತದೆ. ಕಲ್ಲು ಒಂದು ಸುತ್ತು ಬರುವಷ್ಟು ಹೊತ್ತು ಹಾಡು ಮುಂದೆ ಹೋಗದೆ ನಿಲ್ಲುತ್ತದೆ, ಮೂರನೆಯ ಸಾಲು ಏನು ಹೇಳೀತು ಎಂದು ಕೇಳುವವರು ಕಾಯುತ್ತಾರೆ. ಆ ಮೂರನೆಯ ಸಾಲಿನಲ್ಲೇ ಕವಿತೆ ಇರುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ತವರಿನ ಹಾಡು, ಅಣ್ಣನ ಹಾಡು, ಮಳೆಯ ಹಾಡು ಎಂದು ಶುರುವಾದದ್ದರ ನಡುವೆ ನಲ್ಲನ ಮಾತು ನುಸುಳಿ ಬಂದು ಹೋಗುತ್ತದೆ. ಕೂಡುಕುಟುಂಬದ ಮನೆಯಲ್ಲಿ ನಸುಕಿನ ಕತ್ತಲಲ್ಲಿ ಬೀಸುವವಳಿಗೆ ಅಷ್ಟೇ ಜಾಗ ಇತ್ತು. ಹಾಡು ಯಾರದ್ದು ಎಂದು ಕೇಳಿದರೆ ‘ನಮ್ಮ ಅವ್ವ ಹಾಡುತ್ತಿದ್ದಳು’ ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಬಿಡಿ. ಕವಿಯ ಹೆಸರು ಹುಡುಕುವುದು ಈ ಹಂತದ ಕೆಲಸವಲ್ಲ.

ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ಮೂಲೆ ಸೇರಿತು, ಕಲ್ಲಿನ ಜೊತೆ ಹಾಡೂ ಹೋಯಿತು. ಹೆಂಗಸರ ರಟ್ಟೆಗೆ ಬಿಡುವು ಸಿಕ್ಕಿತಲ್ಲ ಎಂಬ ಸಮಾಧಾನ ನನಗಿದೆ. ಹಾಡಿಗಾಗಿ ಯಾರೂ ಮತ್ತೆ ಜೋಳ ಬೀಸಬೇಕಿಲ್ಲ. ಕೇಳಿಸಿಕೊಳ್ಳುವುದನ್ನು ಮಾತ್ರ ಮುಂದಕ್ಕೆ ಹಾಕಬೇಡಿ.

ಅದೇ ಕಲ್ಲು, ಇನ್ನೊಂದು ಭಾಷೆ

ಕನ್ನಡದ ಬೀಸುವ ಪದ ಕೇಳಿದ ಕಿವಿಯಲ್ಲೇ ದಖನಿಯ ‘ಚಕ್ಕಿನಾಮಾ’ ಕೇಳಬೇಕು. ಸೂಫಿಗಳ ಬಳಗದಿಂದ ಬಂದ ಈ ಹಾಡುಗಳನ್ನು ಮುಸ್ಲಿಂ ಹೆಂಗಸರು ಬೀಸುವಾಗ ಹಾಡಿಕೊಂಡು ಬಂದರು. ಅಂಥ ಒಂದು ಹಾಡಿನಲ್ಲಿ ಕಲ್ಲು ತಿರುವುವ ಹಿಡಿಗೂಟ ಅರಬ್ಬಿಯ ಮೊದಲ ಅಕ್ಷರ ಅಲಿಫ್ ಆಗುತ್ತದೆ, ಅಂದರೆ ಅಲ್ಲಾ. ನಡುವಿನ ಗೂಟವೇ ಪೈಗಂಬರ. ನೂಲುವವರಿಗೆ ಬೇರೆ ‘ಚರ್ಖಾನಾಮಾ’ ಇತ್ತು. ಕಲಬುರಗಿಯ ಖ್ವಾಜಾ ಬಂದೇ ನವಾಜರ ಹೆಸರಿನಲ್ಲೂ ಒಂದು ಚಕ್ಕಿನಾಮಾ ಹೇಳಲಾಗುತ್ತದೆ.

ಬಂದೇ ನವಾಜ್ ಗೇಸೂದರಾಜರು 1321ರಲ್ಲಿ ದೆಹಲಿಯಲ್ಲಿ ಹುಟ್ಟಿದವರು. 1398ರಲ್ಲಿ ತೈಮೂರನ ದಾಳಿಗೆ ದೆಹಲಿ ತತ್ತರಿಸಿದಾಗ ಅಲ್ಲಿಂದ ಹೊರಟು, ಇಳಿವಯಸ್ಸಿನಲ್ಲಿ ಬಹಮನಿ ಸುಲ್ತಾನ ಫಿರೋಜ್ ಶಾಹನ ಕಾಲದ ಕಲಬುರಗಿಗೆ ಬಂದು ನೆಲೆಸಿದರು, 1422ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರದು ಸೂಫಿಗಳ ಚಿಶ್ತಿ ಪರಂಪರೆ. ಆ ಪರಂಪರೆಯವರಿಗೆ ಸಂಗೀತ ಕೇಳುವುದೇ ಸಾಧನೆಯ ಭಾಗ. ಅದನ್ನು ‘ಸಮಾ’ ಎನ್ನುತ್ತಾರೆ. ದರ್ಗಾದ ಉರುಸು ಜಿಲ್ಕಾದ್ ತಿಂಗಳಲ್ಲಿ ಬರುತ್ತದೆ. ಚಾಂದ್ರಮಾನವಾದ್ದರಿಂದ ನಮ್ಮ ಕ್ಯಾಲೆಂಡರಿನಲ್ಲಿ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ, ಹೊರಡುವ ಮುಂಚೆ ದಿನಾಂಕ ವಿಚಾರಿಸಿ. ಕವ್ವಾಲಿ ಕೇಳಲು ಕೂತಾಗ ಉರ್ದು ಅರ್ಥವಾಗುವುದಿಲ್ಲ ಎಂದು ಎದ್ದು ಬರಬೇಡಿ. ಒಂದೇ ಸಾಲನ್ನು ಗಾಯಕ ಎಷ್ಟು ಬಗೆಯಲ್ಲಿ ಮರಳಿ ಹಿಡಿಯುತ್ತಾನೆ ಎಂಬುದನ್ನಷ್ಟೇ ಗಮನಿಸಿ. ಮೊದಲ ಸಲ ಅದು ಸುದ್ದಿ, ಮೂರನೆಯ ಸಲ ಬೇಡಿಕೆ, ಆಮೇಲೆ ಏನೆಂದು ಹೇಳಲು ಬಾರದ ಒಂದು ಸ್ಥಿತಿ. ಅರ್ಥವನ್ನು ಪಕ್ಕದಲ್ಲಿ ಕೂತ ಕಾಕಾ ಒಬ್ಬರು ಕೇಳದೆಯೇ ಹೇಳುತ್ತಾರೆ.

ಈ ದಖನಿ ಕವಿತೆಗಳ ಬಗ್ಗೆ ಒಂದು ವಿಷಯ ತಿಳಿದಿದ್ದರೆ ರುಚಿ ಹೆಚ್ಚುತ್ತದೆ. ಫಾರಸಿ ಗಜಲಿನಲ್ಲಿ ಹಂಬಲಿಸುವವನು ಸಾಮಾನ್ಯವಾಗಿ ಗಂಡು. ದಖನಿಗೆ ಬಂದಾಗ ಅನೇಕ ಕಡೆ ಹೆಣ್ಣು ಮಾತಾಡಲು ಶುರು ಮಾಡುತ್ತಾಳೆ, ‘ಪಿಯಾ’, ‘ಸಜನ್’ ಎಂದು ಕರೆಯುತ್ತಾಳೆ. ಬರೆದವರು ಗಂಡಸರೇ, ಆದರೆ ಈ ನೆಲದಲ್ಲಿ ವಿರಹದ ದನಿ ಮೊದಲಿನಿಂದ ಹೆಣ್ಣಿನದು. ಅದು ಎಷ್ಟು ಹಳೆಯದು ಎಂದು ಮುಂದಿನ ಹಂತಗಳಲ್ಲಿ ಕಾಣುತ್ತದೆ.

ಒಂದು ವಚನ, ಒಂದು ವಾರ

ವಚನಗಳನ್ನು ಸಂಪುಟವಾಗಿ ಓದಲು ಕೂರಬೇಡಿ. ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳೇ 15 ಇವೆ, ಮೊದಲ ಸಂಪುಟದಲ್ಲೇ ಸುಸ್ತಾಗುತ್ತೀರಿ. ಒಂದನ್ನು ಆರಿಸಿಕೊಂಡು ವಾರವಿಡೀ ಗಟ್ಟಿಯಾಗಿ ಓದಿ. ನಾನಾದರೆ ಅಕ್ಕಮಹಾದೇವಿಯಿಂದ ಆರಂಭಿಸಲು ಹೇಳುತ್ತೇನೆ. ಉಡುತಡಿಯಿಂದ ಹೊರಟ ಅಕ್ಕ ಬಂದು ತಲುಪಿದ್ದು ಕಲ್ಯಾಣಕ್ಕೆ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ.

‘ಸಾವಿಲ್ಲದ ಕೇಡಿಲ್ಲದ ರೂಹಿಲ್ಲದ ಚೆಲುವಂಗೆ ನಾನೊಲಿದೆ’ ಎಂಬ ಸಾಲನ್ನು ಬಾಯಿಬಿಟ್ಟು ಓದಿ ನೋಡಿ. ‘ಇಲ್ಲದ, ಇಲ್ಲದ, ಇಲ್ಲದ’ ಎಂದು ಒಂದೊಂದನ್ನೇ ಕಳೆಯುತ್ತಾ ಹೋಗಿ, ಏನೂ ಉಳಿಯಲಿಲ್ಲ ಎನ್ನುವ ಹೊತ್ತಿಗೆ ‘ಚೆಲುವಂಗೆ ನಾನೊಲಿದೆ’ ಬರುತ್ತದೆ. ಮುಂದಿನ ಸಾಲಿನಲ್ಲಿ ಮತ್ತಷ್ಟು ಇಲ್ಲಗಳು, ಮತ್ತೆ ಅದೇ ‘ಚೆಲುವಂಗೆ ನಾನೊಲಿದೆ’. ಗಜಲ್ ಈ ನಾಡಿಗೆ ಕಾಲಿಡುವ ಮುಂಚೆಯೇ ಗಜಲಿನ ಎದೆಬಡಿತ ಇಲ್ಲಿದೆ. ಕೊನೆಗೆ ಸಾಯುವ, ಕೆಡುವ ಗಂಡಂದಿರನ್ನು ಒಲೆಯೊಳಗೆ ಇಡು ಎನ್ನುವಾಗ ನಗು ಬರದಿದ್ದರೆ ನೀವು ತುಂಬಾ ಭಕ್ತಿಯಿಂದ ಓದುತ್ತಿದ್ದೀರಿ ಎಂದರ್ಥ. ಸ್ವಲ್ಪ ಸಡಿಲವಾಗಿ ಓದಿ.

ಆಮೇಲೆ ಗಜೇಶ ಮಸಣಯ್ಯ ಮತ್ತು ಉರಿಲಿಂಗದೇವರ ಕಡೆಗೆ ಬನ್ನಿ. ಇಬ್ಬರೂ ಗಂಡಸರು, ಇಬ್ಬರ ವಚನಗಳಲ್ಲೂ ಮಾತಾಡುವವಳು ಹೆಣ್ಣು. ಶರಣಸತಿ–ಲಿಂಗಪತಿ ಭಾವ ಎಂದು ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುವುದು ಇದನ್ನೇ. ಮಸಣಯ್ಯನ ವಿರಹದ ವಚನಗಳನ್ನು ಸಿದ್ಧಾಂತ ಮರೆತು ಓದಬೇಕು. ಕೆಳದಿಯ ಮುಂದೆ ತನ್ನ ನಲ್ಲನ ವಿಷಯ ಹೇಳಿಕೊಳ್ಳುವ ಆ ದನಿ ಅಷ್ಟು ಮನೆಮಟ್ಟದ್ದು.

ಯಾದಗಿರಿ ಕಡೆಯವರಿಗೆ ಹತ್ತಿರದ ವಿಳಾಸ ಮುದನೂರು, ದೇವರ ದಾಸಿಮಯ್ಯನ ಊರು. ‘ಸತಿಪತಿಗಳೊಂದಾದ ಭಕ್ತಿ ಹಿತವಾಗಿಪ್ಪುದು ಶಿವಂಗೆ’ ಎಂದವನು ಅವನು. ವಿರಹವಿಲ್ಲದ, ಒಟ್ಟಿಗೆ ಬಾಳಿದವರ ಪ್ರೇಮವೂ ಕಾವ್ಯವಾಗುತ್ತದೆ ಎನ್ನುವುದಕ್ಕೆ ಇದು ಸಾಕ್ಷಿ. ಇದು ಅಪರೂಪ. ಕವಿಗಳಿಗೆ ಸಾಮಾನ್ಯವಾಗಿ ಅಗಲಿಕೆಯೇ ಬೇಕು.

ಮನುಷ್ಯನೋ ದೇವರೋ ಎಂದು ಅವಸರಪಡಬೇಡಿ

ಓದುಗರು ಇಲ್ಲಿ ಬೇಗ ಎಡವುತ್ತಾರೆ. ನಲ್ಲ ಎಂದರೆ ದೇವರೇ, ಮದ್ಯ ಎಂದರೆ ಭಕ್ತಿಯೇ ಎಂದು ಕೆಲವರು ಮೊದಲೇ ತೀರ್ಮಾನಿಸಿಬಿಡುತ್ತಾರೆ. ಇನ್ನು ಕೆಲವರು ಎಲ್ಲವೂ ದೇಹದ ಮಾತೇ, ಉಳಿದದ್ದು ತೇಪೆ ಎನ್ನುತ್ತಾರೆ. ಇಬ್ಬರಿಗೂ ಕವಿತೆಯ ಅರ್ಧವೇ ಸಿಗುತ್ತದೆ. ಈ ಸೀಮೆಯ ಕವಿಗಳು ಗೆರೆಯನ್ನು ಬೇಕೆಂದೇ ಎಳೆಯದೆ ಬಿಟ್ಟಿದ್ದಾರೆ.

ಬೀದರಿನಿಂದ ಪೂರ್ವಕ್ಕೆ ಮೂರ್ನಾಲ್ಕು ಕಿಲೋಮೀಟರ್ ದೂರದ ಅಷ್ಟೂರಿಗೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದ ಅಹಮದ್ ಶಾಹ ವಲಿಯ ಗೋರಿಯ ಗುಮ್ಮಟದ ಒಳಗೆ ಬಣ್ಣ ಮತ್ತು ಚಿನ್ನದ ಕೆಲಸದ ನಡುವೆ ಫಾರಸಿ ಪದ್ಯಗಳಿವೆ. ಅವುಗಳಲ್ಲಿ ಸೂಫಿ ಸಂತ ಶಾಹ ನಿಯಾಮತುಲ್ಲಾರ ರಚನೆಗಳಿವೆ. ಆ ಸುಲ್ತಾನನನ್ನೇ ಸುತ್ತಲಿನ ಹಿಂದೂಗಳು ಅಲ್ಲಮಪ್ರಭು ಎಂದು ನಂಬಿ ನಡೆದುಕೊಳ್ಳುತ್ತಾರೆ, ವರ್ಷದ ಉತ್ಸವಕ್ಕೆ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಒಳಗೆ ಕತ್ತಲಿರುತ್ತದೆ. ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಂತರೆ ಅಕ್ಷರಗಳು ಒಂದೊಂದಾಗಿ ಮೇಲೆ ಬರುತ್ತವೆ. ದಖನಿಯ ಮೊದಲ ಮಸ್ನವಿ, ಅಂದರೆ ಎರಡೆರಡು ಸಾಲು ಪ್ರಾಸಗೂಡುವ ದೀರ್ಘ ಕಾವ್ಯ, ಎಂದು ಹೆಸರಾದ ‘ಕದಮರಾವ್ ಪದಮರಾವ್’ ಕೂಡ 15ನೇ ಶತಮಾನದ ಬಹಮನಿ ಬೀದರಿನಲ್ಲೇ ಹುಟ್ಟಿತು. ಬರೆದವನು ನಿಜಾಮಿ, ಕಾವ್ಯದ ಹೆಸರಿನಲ್ಲಿರುವುದು ರಾವ್‌ಗಳು.

ಗಜಲಿನ ಒಳಗೆ

ಇಲ್ಲಿ ಸ್ವಲ್ಪ ವ್ಯಾಕರಣ ಬೇಕು. ಆಟದ ನಿಯಮ ಗೊತ್ತಿಲ್ಲದೆ ಗಜಲ್ ಕೇಳಿದರೆ ಅರ್ಧ ಸುಖ ಕೈತಪ್ಪುತ್ತದೆ.

ಗಜಲ್ ಎರಡು ಸಾಲಿನ ಶೇರ್‌ಗಳ ಮಾಲೆ, ಸಾಮಾನ್ಯವಾಗಿ ಐದಕ್ಕೆ ಕಡಿಮೆ ಇರುವುದಿಲ್ಲ. ಪ್ರತಿ ಶೇರ್ ತನ್ನಷ್ಟಕ್ಕೆ ಪೂರ್ಣ. ಒಂದರಲ್ಲಿ ಪ್ರೇಮ, ಇನ್ನೊಂದರಲ್ಲಿ ರಾಜಕೀಯ ಇರಬಹುದು. ಎಲ್ಲವನ್ನೂ ಕಟ್ಟಿ ಹಿಡಿಯುವುದು ಕೊನೆಯ ಎರಡು ಅಂಗಗಳು. ಸಾಲಿನ ತುದಿಯಲ್ಲಿ ಬದಲಾಗದೆ ಮರಳುವ ಪದ ಅಥವಾ ಪದಗುಚ್ಛ ರದೀಫ್. ಅದಕ್ಕೆ ತುಸು ಮೊದಲೇ ಕೂರುವ ಪ್ರಾಸದ ಪದ ಕಾಫಿಯಾ. ಮೊದಲ ಶೇರ್ ಮತ್ಲಾ. ಅದರ ಎರಡೂ ಸಾಲುಗಳಲ್ಲಿ ಇವೆರಡೂ ಬರುತ್ತವೆ, ಮುಂದಿನವುಗಳಲ್ಲಿ ಎರಡನೆಯ ಸಾಲಿನಲ್ಲಿ ಮಾತ್ರ. ಕೊನೆಯದು ಮಕ್ತಾ, ಅಲ್ಲಿ ಕವಿ ತನ್ನ ಕಾವ್ಯನಾಮ ಸೇರಿಸುವ ರೂಢಿ. ವಚನದ ಕೊನೆಯಲ್ಲೂ ಅಂಕಿತ ಬರುತ್ತದೆ. ವಚನಕಾರರು ಅಲ್ಲಿ ದೇವರ ಹೆಸರು ಇಟ್ಟರು, ಗಜಲ್‌ಕಾರರು ತಮ್ಮದನ್ನೇ ಇಟ್ಟರು.

ರಚನೆ ಕಾಣಲಿ ಎಂದು ನಾನೇ ಹೆಣೆದ ಎರಡು ಶೇರ್ ಇಲ್ಲಿವೆ. ದೊಡ್ಡ ಕವಿತೆಯೇನಲ್ಲ:

ನೀ ನಡೆದು ಹೋದ ದಾರಿಯಲ್ಲಿ ಎದ್ದ ಧೂಳು ಇನ್ನೂ ಇದೆ
ನೆರೆ ಇಳಿದ ಮೇಲೂ ಎದೆಯ ಬಾವಿಯಲ್ಲಿ ಹೂಳು ಇನ್ನೂ ಇದೆ

ಕರೆಯದೆ ಬಂದವರೆಲ್ಲ ಉಂಡು ಹೋದರು, ದೀಪ ಆರಿತು
ನಿನಗೆಂದು ಮುಚ್ಚಿಟ್ಟ ಗಂಗಾಳದಲ್ಲಿ ಕೂಳು ಇನ್ನೂ ಇದೆ

‘ಇನ್ನೂ ಇದೆ’ ರದೀಫ್. ಧೂಳು, ಹೂಳು, ಕೂಳು ಕಾಫಿಯಾ. ಎರಡನೆಯ ಶೇರ್‌ನ ಮೊದಲ ಸಾಲು ಪ್ರಾಸವಿಲ್ಲದೆ ತೆರೆದುಕೊಂಡು ನಿಲ್ಲುತ್ತದೆ, ಮುಂದಿನ ಸಾಲು ಅದನ್ನು ಮುಚ್ಚುತ್ತದೆ. ಮುಶಾಯಿರಾದಲ್ಲಿ, ಅಂದರೆ ಉರ್ದು ಕವಿಗೋಷ್ಠಿಯಲ್ಲಿ, ಕವಿ ಆ ಮೊದಲ ಸಾಲನ್ನು ಎರಡು ಮೂರು ಸಲ ಓದುವುದು ಸುಮ್ಮನೆ ಅಲ್ಲ. ಕಾಫಿಯಾ ಯಾವುದು ಬಂದೀತು ಎಂದು ಸಭೆ ಊಹಿಸತೊಡಗುತ್ತದೆ. ಊಹಿಸದ ಪದ ಬಂದು ಅದರ ಬೆನ್ನಿಗೆ ಊಹಿಸಿದ್ದ ರದೀಫ್ ಬಂದಾಗ ‘ವಾಹ್’ ತಾನಾಗಿ ಹೊರಡುತ್ತದೆ. ಮತ್ತೆ ಕೇಳಬೇಕೆನಿಸಿದರೆ ‘ಮುಕರ್ರರ್’ ಎಂದು ಕೂಗಬಹುದು. ಚಪ್ಪಾಳೆಗಿಂತ ಕವಿಗೆ ಅದೇ ಇಷ್ಟ.

ಕನ್ನಡಕ್ಕೆ ಗಜಲನ್ನು ಗಟ್ಟಿಯಾಗಿ ತಂದು ಕೂರಿಸಿದವರು ಪಕ್ಕದ ರಾಯಚೂರು ಜಿಲ್ಲೆಯ ಶಾಂತರಸರು. ಅವರ ಮಗಳು ಎಚ್. ಎಸ್. ಮುಕ್ತಾಯಕ್ಕ ಅದೇ ಹಾದಿಯಲ್ಲಿ ಬರೆದರು. ಉರ್ದು ಬಲ್ಲ ಕನ್ನಡಿಗರ ಸೀಮೆಯಿಂದಲೇ ಕನ್ನಡ ಗಜಲ್ ಬಂದದ್ದು ಸಹಜ. ಈಗ ಮೊಬೈಲಿನಲ್ಲಿ ದಿನಬೆಳಗಾದರೆ ಗಜಲ್‌ಗಳು ಹರಿದು ಬರುತ್ತವೆ. ಕೊನೆಯ ಪದ ಒಂದೇ ಇಟ್ಟು ಕಾಫಿಯಾವನ್ನೇ ಮರೆತವು ಬಹಳ. ಕಾಫಿಯಾ ಇಲ್ಲದ ರದೀಫ್ ಬರೀ ಹಟ. ಓದುವಾಗ ಮೊದಲು ಕಾಫಿಯಾ ಹುಡುಕಿ. ಸಿಗದಿದ್ದರೆ ಮುಂದಿನ ಕವಿತೆಗೆ ಹೋಗಿ, ಪಾಪವೇನೂ ಬರುವುದಿಲ್ಲ.

ಬೇರಿನ ಕಡೆಗೆ

ಇಷ್ಟಾದ ಮೇಲೆ ಹಳೆಯದಕ್ಕೆ ಹೋಗಿ, ಮೊದಲೇ ಹೋದರೆ ಒಣ ಪಾಠವಾಗುತ್ತದೆ. ಭೀಮಾ ದಂಡೆಯ ಸನ್ನತಿ ಮತ್ತು ಕನಗನಹಳ್ಳಿಯಲ್ಲಿ ಶಾತವಾಹನರ ಕಾಲದ ಬೌದ್ಧ ಶಿಲ್ಪಗಳಿವೆ, ಪ್ರಾಕೃತದ ಬರಹಗಳಿವೆ. ಅದೇ ವಂಶದ ಹಾಲ ರಾಜನ ಹೆಸರಿನಲ್ಲಿ ಬಂದಿರುವ ‘ಗಾಥಾಸಪ್ತಶತಿ’ ದಖನ್ನಿನ ಹಳ್ಳಿಗಳ ಪ್ರೇಮದ ಪುಟ್ಟ ಪದ್ಯಗಳ ಸಂಗ್ರಹ, ಭಾಷೆ ಮಾಹಾರಾಷ್ಟ್ರೀ ಪ್ರಾಕೃತ. ಅರಸರ ಅಂತಃಪುರಕ್ಕಿಂತ ಒಕ್ಕಲಿಗರ ಹಿತ್ತಲು, ಹೊಲ, ನದಿ ದಂಡೆ ಇಲ್ಲಿ ಹೆಚ್ಚು. ಮಾತಾಡುವವರಲ್ಲಿ ಬಹಳ ಮಂದಿ ಹೆಂಗಸರು. ಒಂದು ಗಾಥೆಯಲ್ಲಿ ಗೆಳತಿ ಸಮಾಧಾನ ಹೇಳುತ್ತಾಳೆ: ಬತ್ತದ ಗದ್ದೆ ಬೆಳ್ಳಗಾಯಿತೆಂದು, ಅಂದರೆ ಕೊಯ್ಲಾಗಿ ನಲ್ಲನನ್ನು ಕೂಡುವ ಮರೆ ಹೋಗುತ್ತದೆಂದು, ತಲೆ ತಗ್ಗಿಸಿ ಅಳಬೇಡ, ಸಣಬಿನ ಹೊಲ ಹಳದಿ ಬಣ್ಣ ಬಳಿದುಕೊಂಡ ನಟಿಯ ಹಾಗೆ ಇನ್ನೂ ನಿಂತಿದೆ. ಹೂವಾದ ತೊಗರಿ ಹೊಲದ ಬದಿಯಲ್ಲಿ ನಡೆದವರಿಗೆ ಈ ಗಾಥೆಗೆ ಟಿಪ್ಪಣಿ ಬೇಕಿಲ್ಲ.

ಇನ್ನು ಬಸವಕಲ್ಯಾಣಕ್ಕೆ ಎರಡನೆಯ ಸಲ, ಈ ಬಾರಿ ಚಾಲುಕ್ಯರಿಗಾಗಿ. ಆರನೆಯ ವಿಕ್ರಮಾದಿತ್ಯನ ಆಸ್ಥಾನಕ್ಕೆ ಕಾಶ್ಮೀರದಿಂದ ಬಂದ ಬಿಲ್ಹಣ, ರಾಜನ ಮೇಲೆ ‘ವಿಕ್ರಮಾಂಕದೇವಚರಿತ’ ಬರೆದ. ಜನರ ನಾಲಗೆಯಲ್ಲಿ ಉಳಿದದ್ದು ಅವನದೆಂದು ಹೇಳುವ ‘ಚೌರಪಂಚಾಶಿಕಾ’. ರಾಜಕುಮಾರಿಯನ್ನು ಪ್ರೀತಿಸಿ ಮರಣದಂಡನೆಗೆ ಗುರಿಯಾದ ಕವಿ ವಧಾಸ್ಥಾನಕ್ಕೆ ಹೋಗುತ್ತಾ ಹಾಡಿದ 50 ಪದ್ಯಗಳು ಎಂಬುದು ದಂತಕಥೆ. ಪ್ರತಿ ಪದ್ಯವೂ ‘ಅದ್ಯಾಪಿ’, ಈಗಲೂ, ಎಂದೇ ಶುರುವಾಗುತ್ತದೆ. ಗಜಲಿನಲ್ಲಿ ತುದಿಗೆ ಬರುವ ಮರುಕಳಿಕೆ ಇಲ್ಲಿ ತಲೆಗೆ ಬಂದಿದೆ.

ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿ ಎಂಬ ಹಾಡು ಹಾಡುತ್ತಾರೆ ಎಂಬ ಮಾತಿದೆ. ಅರಮನೆಯಲ್ಲಿ ಕೂತ ದೊರೆಯ ಕಿವಿಗೆ ಒನಕೆಯ ಹಾಡು ಬಿದ್ದಿತ್ತು.

ಸಮಯವಿದ್ದರೆ ಇನ್ನೂ ಎರಡು ಜಾಗ. ಅಮಾವಾಸ್ಯೆ ರಾತ್ರಿಯ ಭಜನೆಯಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದ ಕೇಳಿ, ಏಕತಾರಿಯ ಒಂದೇ ಶ್ರುತಿಯ ಮೇಲೆ ಪಲ್ಲವಿ ಮರಳುವುದನ್ನು ಗಮನಿಸಿ. ಜಾತ್ರೆಯಲ್ಲಿ ಹರದೇಶಿ–ನಾಗೇಶಿ ಮೇಳ ಸಿಕ್ಕರೆ ಬಿಡಬೇಡಿ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳಗಿನವರೆಗೆ ಸವಾಲು–ಜವಾಬು ನಡೆಯುತ್ತದೆ. ವಿರಹದ ಭಾರ ಕೇಳಿ ದಣಿದ ಕಿವಿಗೆ ಆ ಜಗಳ ಹಿತ.

ಕಡೆಗೆ, ನೀವೇ ಬರೆಯಿರಿ

ಪ್ರಕಟಿಸಲು ಅಲ್ಲ. ಬರೆದು ನೋಡಿದವರ ಓದು ಹರಿತವಾಗುತ್ತದೆ. ನಿಮ್ಮ ಮನೆಯಲ್ಲಿ ದಿನವೂ ಕೇಳುವ ಸಾದಾ ಮಾತೊಂದನ್ನು ರದೀಫ್ ಆಗಿ ಹಿಡಿಯಿರಿ: ‘ಬಂದು ಹೋಗು’, ‘ಯಾರಿಗೆ ಗೊತ್ತು’, ‘ನಾಳೆ ನೋಡೋಣ’. ಹೂವು, ಚಂದ್ರ, ಕನಸು ಎಂಬ ಮೂರು ಪದಗಳಿಗೆ ಸದ್ಯ ರಜೆ ಕೊಡಿ. ಕಾಫಿಯಾ ಪದಗಳ ಪಟ್ಟಿಯನ್ನು ಮೊದಲೇ ಮಾಡಿಕೊಳ್ಳಿ, ಹತ್ತಾದರೂ ಇರಲಿ. ಇಲ್ಲದಿದ್ದರೆ ಮೂರನೆಯ ಶೇರ್‌ಗೆ ಗಾಡಿ ನಿಲ್ಲುತ್ತದೆ. ಏಳು ಶೇರ್ ಬರೆದು ಎದುರಿಗೆ ಒಬ್ಬರನ್ನು ಕೂರಿಸಿ ಓದಿ. ಮೊದಲ ಸಾಲನ್ನು ಎರಡು ಸಲ ಓದಿ ನಿಲ್ಲಿಸಿ ಅವರ ಮುಖ ನೋಡಿ. ಮುಂದೇನು ಎಂಬ ಕುತೂಹಲ ಕಾಣದ ಕಡೆ ಆ ಶೇರ್ ಹೊಡೆದುಹಾಕಿ. ಏಳರಲ್ಲಿ ಎರಡಾದರೂ ಹೀಗೆ ಹೋಗುತ್ತವೆ. ಉಳಿದ ಐದಕ್ಕೆ ಗಜಲ್ ಎಂದು ಕರೆಸಿಕೊಳ್ಳಲು ಲೆಕ್ಕ ಸರಿಯಾಗುತ್ತದೆ.